ಮೊದಲ ಸಿನಿಮಾಕ್ಕೆ ಅಪ್ಪನ ಅಡಿಕೆ ತೋಟ ಅಡ ಇಡಬಹುದೇ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯವಳು. 28 ವರ್ಷ. ಮಂಗಳೂರಿನಲ್ಲಿ ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಯಕ್ಷಗಾನ ಮೇಳದಲ್ಲಿ ವೇಷದ ಪೆಟ್ಟಿಗೆ ಹೊರುವ ಒಬ್ಬ ಮುದುಕನ ಬಗ್ಗೆ ಚಿತ್ರಕಥೆ ಬರೆದಿದ್ದೇನೆ. ಇದೇ ನನ್ನ ಮೊದಲ ಸಿನಿಮಾ ಆಗಬೇಕು. ಬಜೆಟ್ 40 ಲಕ್ಷ ಆಗುತ್ತದೆ. ಕೈಯಲ್ಲಿರುವುದು 3 ಲಕ್ಷ. ಎರಡು ಎಕರೆ ಅಡಿಕೆ ತೋಟ ಅಡ ಇಟ್ಟು ಸಾಲ ತೆಗೆಯಲು ಅಪ್ಪ ಒಪ್ಪಿದ್ದಾರೆ. 'ಲೂಸಿಯಾ'ದ ಹಾಗೆ ಜನರಿಂದ ದುಡ್ಡು ಎತ್ತಬಹುದೇ? ಕೇರಳದಲ್ಲಿರುವ ನಮಗೆ ಕರ್ನಾಟಕದ ಸಬ್ಸಿಡಿ ಸಿಗುತ್ತದೆಯೇ? ಚಿತ್ರಕಥೆ, ಬಜೆಟ್ ಎರಡನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಮೊದಲು ತೋಟದ ವಿಷಯ. ಬೇಡ.

ಮಗಳು ಕೇಳಿದರೆ ಅಪ್ಪ ಒಪ್ಪದೆ ಇರುತ್ತಾರಾ? ಆದರೆ ಬ್ಯಾಂಕಿನ ಕಂತು ತಿಂಗಳು ತಿಂಗಳು ಬರುತ್ತದೆ, ಸಿನಿಮಾದ ದುಡ್ಡು ಬಂದರೆ ಬಂತು. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ವರ್ಷ ನಿಮ್ಮ ಮನೆಯ ಲೆಕ್ಕ ಹೇಗಿತ್ತು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದರ ಮೇಲೆ ಇದೊಂದು ಕಂತು ಹೇರಬೇಡಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. 15 ವರ್ಷದ ಹಿಂದೆ ನಾನು ಮತ್ತು ಇಬ್ಬರು ಗೆಳೆಯರು ಸೇರಿ ಒಂದು ಸಿನಿಮಾಕ್ಕೆ ಕೈ ಹಾಕಿದೆವು. ಒಬ್ಬನ ಹೆಂಡತಿಯ ಬಂಗಾರ ಬ್ಯಾಂಕಿಗೆ ಹೋಯಿತು. 22 ದಿನ ಶೂಟಿಂಗ್ ಮಾಡಿದೆವು. ಕೊನೆಯ ದಿನ ಅಡುಗೆಯವರಿಗೆ ಕೊಡಲು ದುಡ್ಡಿಲ್ಲದೆ ಗೆಳೆಯನ ಬೈಕಿನ ಮೇಲೆ ಕೈಸಾಲ ತಂದೆವು. ಆಮೇಲೆ ಎಡಿಟಿಂಗ್‌ಗೆ ಕೂತಾಗ ಗೊತ್ತಾಯಿತು, ಅರ್ಧ ದೃಶ್ಯಗಳಲ್ಲಿ ಮಾತಿಗಿಂತ ಜನರೇಟರ್ ಸದ್ದೇ ಜಾಸ್ತಿ. ಎಲ್ಲವನ್ನೂ ಮತ್ತೆ ಡಬ್ ಮಾಡಬೇಕು, ಅದಕ್ಕೆ ದುಡ್ಡಿಲ್ಲ. ಎರಡು ಹಾರ್ಡ್ ಡಿಸ್ಕ್‌ಗಳನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ನಮ್ಮ ಮನೆಯ ಕಬ್ಬಿಣದ ಕಪಾಟಿನಲ್ಲಿ ಇಟ್ಟೆವು. ಮದುವೆ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆಯಲ್ಲಿ, ಮೂರು ವರ್ಷ ಅಲ್ಲೇ ಇದ್ದವು. ಮೂರು ವರ್ಷ ಬಿಟ್ಟು ತೆಗೆದು ಜೋಡಿಸಿದರೆ ಒಂದು ತಿರುಗಲೇ ಇಲ್ಲ. ಟಿಕ್, ಟಿಕ್ ಅಂತ ಸದ್ದು ಮಾಡಿ ಸುಮ್ಮನಾಯಿತು. ಆ ಸಿನಿಮಾವನ್ನು ಇವತ್ತಿನವರೆಗೂ ಯಾರೂ ನೋಡಿಲ್ಲ. ಬಂಗಾರ ಬಿಡಿಸಲು ಇನ್ನೂ ಎರಡು ವರ್ಷ ಬೇಕಾಯಿತು.

ಆ ಮೇಲೆ ಹಲವು ಸಣ್ಣ ಸಿನಿಮಾಗಳ ಲೆಕ್ಕಪತ್ರ ನೋಡಿದ್ದೇನೆ. ನಿಂತುಹೋದವು ಹೆಚ್ಚಾಗಿ ಶೂಟಿಂಗ್‌ಗೆ ಮೊದಲು ನಿಂತದ್ದಲ್ಲ, ಶೂಟಿಂಗ್ ಆದ ಮೇಲೆ ನಿಂತದ್ದು. ಹಾಗಾಗಿ ನನ್ನ ಹಟ ಒಂದೇ. ಎಡಿಟಿಂಗ್‌ನಿಂದ ಕೊನೆಯ ಪ್ರತಿಯವರೆಗಿನ ಖರ್ಚು ಬೇರೆ ಖಾತೆಯಲ್ಲಿ ಬಂದು ಕೂರುವವರೆಗೆ ಕ್ಯಾಮೆರಾ ಬಾಡಿಗೆಗೆ ಮಾತಾಡಬೇಡಿ.

ಈಗ ನಿಮ್ಮ 40 ಲಕ್ಷ. ಬಜೆಟ್ ಓದಿದೆ. ಚೆನ್ನಾಗಿ ಮಾಡಿದ್ದೀರಿ, ಆದರೆ ಅದು ಬೆಂಗಳೂರಿನ ಬಜೆಟ್. ರಂಗಸ್ಥಳದ ಸೆಟ್‌ಗೆ 5 ಲಕ್ಷ, 300 ಜನ ಪ್ರೇಕ್ಷಕರಿಗೆ 3 ಲಕ್ಷ, ವೇಷಭೂಷಣದ ಬಾಡಿಗೆಗೆ 2 ಲಕ್ಷ ಬರೆದಿದ್ದೀರಿ. ಅಲ್ಲ, ನೀವಿರುವುದು ಎಲ್ಲಿ? ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿ ಸುಬ್ಬನ ಊರಾದ ಕುಂಬಳೆಯಿಂದ ನಿಮ್ಮ ಮನೆಗೆ ಎಷ್ಟು ದೂರ? ದೀಪಾವಳಿ ಕಳೆದು ಮೇಳಗಳು ಹೊರಟರೆ, ಆಟದ ಸೀಸನ್ ಮುಗಿಯುವ ಮೇ ತಿಂಗಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ನಿಮ್ಮ ಸುತ್ತಮುತ್ತ ಎಲ್ಲೋ ಒಂದು ಕಡೆ ಬಯಲಾಟ ಇದ್ದೇ ಇರುತ್ತದೆ. ರಂಗಸ್ಥಳ ಅವರದು, ದೀಪ ಅವರದು, ವೇಷ ಅವರದು. ಜನ ತಾವಾಗಿಯೇ ಬಂದು ಕೂರುತ್ತಾರೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಚಾಪೆಯ ಮೇಲೆ ಮಲಗಿದ ಮಕ್ಕಳು, ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಒರೆಸುವ ಕೈ, ಟೆಂಪೋಗೆ ಪೆಟ್ಟಿಗೆ ಏರಿಸುವ ಸದ್ದು, ಇದನ್ನೆಲ್ಲ ಎಷ್ಟು ಲಕ್ಷ ಕೊಟ್ಟರೆ ಸೆಟ್‌ನಲ್ಲಿ ತರುತ್ತೀರಿ?

ಬಿಟ್ಟಿ ಅಂದ ಮಾತ್ರಕ್ಕೆ ಕೇಳದೆ ಹೋಗುವುದಲ್ಲ. ಮೇಳದ ಯಜಮಾನರು, ಭಾಗವತರು, ಮುಖ್ಯ ವೇಷಧಾರಿಗಳು, ಆಟ ಆಡಿಸುವ ಮನೆಯವರು, ಇಷ್ಟು ಜನರ ಒಪ್ಪಿಗೆ ಬರಹದಲ್ಲಿ ಇರಬೇಕು. ಕಲಾವಿದನ ಪ್ರದರ್ಶನಕ್ಕೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ 50 ವರ್ಷದ ಹಕ್ಕಿದೆ. ಬಾಯಿಮಾತಿನಲ್ಲಿ ಒಪ್ಪಿದವರು ಸಿನಿಮಾ ಬಿಡುಗಡೆಯಾಗುವಾಗ ಬೇರೆ ಮಾತಾಡಿದರೆ ಕಷ್ಟ. ಪ್ರಸಂಗದ ಆಯ್ಕೆಯಲ್ಲೂ ಎಚ್ಚರ ಇರಲಿ. ಪಾರ್ತಿ ಸುಬ್ಬನ ರಾಮಾಯಣ ಪ್ರಸಂಗಗಳ ಪದ್ಯಗಳನ್ನು ಯಾರನ್ನೂ ಕೇಳದೆ ಬಳಸಬಹುದು. ಇತ್ತೀಚೆಗೆ ಬರೆದ ಪ್ರಸಂಗವಾದರೆ ಬರೆದವರ ಅನುಮತಿ ಬೇಕು. ಬರೆದವರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ನಿಮ್ಮ ಮುದುಕ ಒಂದು ಕಡೆ ಮಂಜೇಶ್ವರದ ಗೋವಿಂದ ಪೈಗಳ ಸಾಲು ಹೇಳುತ್ತಾನಲ್ಲ, ಅದಕ್ಕೆ ಚಿಂತೆ ಇಲ್ಲ. ಅವರು ತೀರಿಕೊಂಡದ್ದು 1963ರಲ್ಲಿ, ಹಕ್ಕಿನ ಅವಧಿ 2023ಕ್ಕೆ ಮುಗಿಯಿತು. ಅದೇ ಜಾಗದಲ್ಲಿ ಶಿವರಾಮ ಕಾರಂತರ ಸಾಲು ಇಟ್ಟಿದ್ದರೆ 2057ರ ಕೊನೆಯವರೆಗೆ ಕಾಯಬೇಕಿತ್ತು, ಇಲ್ಲವೇ ಅನುಮತಿ ತರಬೇಕಿತ್ತು.

ಬೇಕಲ ಕೋಟೆಯ ದೃಶ್ಯ ತೆಗೆದುಬಿಡಿ. ಅದು ಪುರಾತತ್ವ ಇಲಾಖೆಯ ಕೈಯಲ್ಲಿದೆ. ಅನುಮತಿ, ಶುಲ್ಕ, ಕಾಯುವುದು, ಎಲ್ಲ ಸೇರಿ ಎರಡು ನಿಮಿಷದ ದೃಶ್ಯಕ್ಕೆ ಜಾಸ್ತಿಯಾಯಿತು. ಅಷ್ಟಕ್ಕೂ ಆ ಕೋಟೆಯನ್ನು 'ಬಾಂಬೆ' ಚಿತ್ರದ ಹಾಡಿನಲ್ಲಿ ಎಲ್ಲರೂ ನೋಡಿಯಾಗಿದೆ. ಮುದುಕನ ಹಿಂದೆ ತಿರುಗುವ ನಾಯಿಯೂ ಒಂದು ಖರ್ಚೇ. ಪ್ರಾಣಿ ಪರದೆ ಮೇಲೆ ಬಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಅದಿಲ್ಲದೆ ಸೆನ್ಸಾರ್‌ನಲ್ಲಿ ತಡೆಯುತ್ತಾರೆ. ಆದರೆ ನಾಯಿಯನ್ನು ತೆಗೆಯಿರಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಕಥೆಯಲ್ಲಿ ಮುದುಕನ ಹತ್ತಿರ ಅದೊಂದೇ ಅಲ್ವಾ ಮಾತಿಲ್ಲದೆ ಕೂರುವುದು. ಅರ್ಜಿ ಮಾತ್ರ ಶೂಟಿಂಗ್‌ಗೆ ಮೊದಲೇ ಹಾಕಿ.

ಇಷ್ಟು ಕಳೆದು ನಮ್ಮ ಕಡೆಯ ದರದಲ್ಲಿ ನಾನು ಮತ್ತೆ ಲೆಕ್ಕ ಹಾಕಿದೆ. 18 ದಿನ ಶೂಟಿಂಗ್, ನಟರು ಮತ್ತು ತಂಡ ಸೇರಿ 25 ಜನ. ಊಟ, ಚಾ, ತಿಂಡಿ ಸೇರಿ ದಿನಕ್ಕೆ ಒಬ್ಬರಿಗೆ 300 ರೂಪಾಯಿ ಅಂದರೆ 1,35,000. ನೀವು ಇದಕ್ಕೆ 60 ಸಾವಿರ ಬರೆದಿದ್ದೀರಿ. ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಸಂಬಳ ಕಡಿಮೆ ಕೊಟ್ಟು ದುಡಿಸುವ ತಂಡಕ್ಕೆ ಊಟವೂ ಸರಿ ಇಲ್ಲದಿದ್ದರೆ ಐದನೇ ದಿನಕ್ಕೆ ಮುಖಗಳು ಬಾಡುತ್ತವೆ, ಎಂಟನೇ ದಿನಕ್ಕೆ ಇಬ್ಬರು ಊರಿಗೆ ಹೋಗುತ್ತಾರೆ. ಮುಳ್ಳೇರಿಯದಲ್ಲಿ ಮದುವೆ ಅಡುಗೆ ಮಾಡುವವರನ್ನು ಹಿಡಿದು ಕುಚ್ಚಿಲಕ್ಕಿ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ ಮಾಡಿಸಿ. ಪ್ಯಾಕೆಟ್ ಬಿರಿಯಾನಿಗಿಂತ ಕಡಿಮೆ ಬೀಳುತ್ತದೆ, ಹೊಟ್ಟೆಯೂ ಕೆಡುವುದಿಲ್ಲ.

ಧ್ವನಿಗೆ ನೀವು ಬರೆದದ್ದು ಸೊನ್ನೆ. 'ಕ್ಯಾಮೆರಾದಲ್ಲೇ ರೆಕಾರ್ಡ್' ಅಂತ ಒಂದು ಸಾಲಿದೆ. ಅದನ್ನು ಓದಿದಾಗ ನನ್ನ ಕಪಾಟು ನೆನಪಾಯಿತು. ಸ್ವಂತ ಉಪಕರಣ ಇರುವ ಧ್ವನಿಗ್ರಾಹಕರನ್ನು ದಿನಕ್ಕೆ 7 ಸಾವಿರಕ್ಕೆ ಹಿಡಿದರೆ 18 ದಿನಕ್ಕೆ 1,26,000. ಚೆಂಡೆ, ಮದ್ದಳೆ, ಭಾಗವತಿಕೆ ಇರುವ ಸಿನಿಮಾ ನಿಮ್ಮದು. ಕ್ಯಾಮೆರಾ ಒಂದು ಮೆಟ್ಟಿಲು ಕೆಳಗಿನದು ತಗೊಳ್ಳಿ, ಧ್ವನಿಯಲ್ಲಿ ಇಳಿಯಬೇಡಿ. ಕ್ಯಾಮೆರಾ, ದೀಪ, ತಂಡದ ಸಂಬಳ, ನಟರು, ಓಡಾಟ ಎಲ್ಲ ಸೇರಿ ಶೂಟಿಂಗ್ ಸುಮಾರು 13 ಲಕ್ಷಕ್ಕೆ ನಿಲ್ಲುತ್ತದೆ. ಧ್ವನಿ ವಿನ್ಯಾಸ, ಮಿಕ್ಸಿಂಗ್, ಬಣ್ಣ, ಸಂಗೀತ, ಸಬ್‌ಟೈಟಲ್, ಥಿಯೇಟರ್ ಪ್ರತಿಗೆ 6 ಲಕ್ಷ. ಎಡಿಟಿಂಗ್ ನಿಮ್ಮದೇ. ಸೆನ್ಸಾರ್, ನೋಂದಣಿ, ಒಪ್ಪಂದಗಳ ಓಡಾಟಕ್ಕೆ ಮುಕ್ಕಾಲು ಲಕ್ಷ. ಮಳೆಗೆ, ಜ್ವರಕ್ಕೆ, ಟೆಂಪೋ ಕೈಕೊಡುವುದಕ್ಕೆ ಅಂತ 2 ಲಕ್ಷ ಪಕ್ಕಕ್ಕೆ. ಹತ್ತಿರ ಹತ್ತಿರ 22 ಲಕ್ಷ. ಇದೂ ಸಣ್ಣ ದುಡ್ಡಲ್ಲ. ಆದರೆ ತೋಟ ಮುಟ್ಟದೆ ಎತ್ತಬಹುದಾದ ದುಡ್ಡು.

ಇನ್ನು 'ಲೂಸಿಯಾ'. 2013ರ ಆ ಚಿತ್ರಕ್ಕೆ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ಎತ್ತಿದ್ದು ನಿಜ. ಆದರೆ ಅದು ಅವರ ಮೊದಲ ಸಿನಿಮಾ ಅಲ್ಲ. 2011ರಲ್ಲೇ 'ಲೈಫು ಇಷ್ಟೇನೆ' ಬಂದಿತ್ತು, ಜನ ಅವರ ಕೆಲಸ ನೋಡಿದ್ದರು. ನಿಮ್ಮ ಕೆಲಸ ನೋಡಿದವರು ಮದುವೆ ಮನೆಯವರು. ಅಪರಿಚಿತರು ಅಪರಿಚಿತರಿಗೆ ದುಡ್ಡು ಕೊಡುವುದು ಕಡಿಮೆ. ಹಾಗಾಗಿ ಇಂಟರ್ನೆಟ್‌ನಲ್ಲಿ ಡಬ್ಬಿ ಇಡುವ ಮೊದಲು ಊರಿನಲ್ಲೇ ಸುತ್ತಿ.

ಊರು ಸುತ್ತುವ ದಾರಿ ಕೇರಳಕ್ಕೆ ಹೊಸದಲ್ಲ. ಮಲಯಾಳ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಅವರ ಒಡೆಸ್ಸಾ ತಂಡ ಮನೆಮನೆ, ಊರೂರು ತಿರುಗಿ, ಸಿನಿಮಾ ತೋರಿಸಿ, ಜನರ ಚಿಲ್ಲರೆ ದುಡ್ಡು ಸೇರಿಸಿ 1986ರಲ್ಲಿ 'ಅಮ್ಮ ಅರಿಯಾನ್' ಮುಗಿಸಿತು. ನಮ್ಮ ಕಡೆ ಇನ್ನೂ ಹಳೆಯ ಪದ್ಧತಿ ಇದೆ, ನಿಮ್ಮ ಕಥೆಯಲ್ಲೇ ಇದೆ. ಹರಕೆ ಆಟ. ಒಂದು ಮನೆಯವರು ಒಂದು ರಾತ್ರಿಯ ಖರ್ಚು ಹೊರುತ್ತಾರೆ, ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ಊರಿಡೀ ಬಿಟ್ಟಿಯಾಗಿ ನೋಡುತ್ತದೆ. ಮಾರನೇ ದಿನ ಆ ಮನೆಯವರು ಮೇಳದ ಹತ್ತಿರ ಲಾಭ ಕೇಳುವುದಿಲ್ಲ.

ನಿಮಗೆ ಬರುವ ದುಡ್ಡನ್ನು ಎರಡು ಪುಸ್ತಕದಲ್ಲಿ ಬರೆಯಿರಿ. ಒಂದು ಹರಕೆ ಪುಸ್ತಕ. ಇದು ಕೊಡುಗೆ, ವಾಪಸ್ ಇಲ್ಲ. ಪರದೆಯ ಮೇಲೆ ಹೆಸರು, ಮೊದಲ ಪ್ರದರ್ಶನಕ್ಕೆ ಮನೆಯವರೆಲ್ಲರಿಗೂ ಕುರ್ಚಿ, ಅಷ್ಟೇ. 40 ಮನೆಯವರು 10 ಸಾವಿರದಂತೆ ಕೊಟ್ಟರೆ 4 ಲಕ್ಷ. ನಿಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳು, ಊರಿನ ಕ್ಲಬ್ಬು, ಯಕ್ಷಗಾನದ ಹುಚ್ಚಿರುವ ಡಾಕ್ಟರು, ದುಬೈಯಲ್ಲಿರುವ ನಿಮ್ಮ ಕ್ಲಾಸಿನವರು. ಗಲ್ಫಿನವರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ತಗೊಂಡವರ ದುಡ್ಡಿಗೆ ಬೇರೆ ನಿಯಮ, ಅದನ್ನು ಲೆಕ್ಕಪರಿಶೋಧಕರನ್ನು ಕೇಳದೆ ಮುಟ್ಟಬೇಡಿ.

ಇನ್ನೊಂದು ಪಾಲುದಾರರ ಪುಸ್ತಕ. ಇಲ್ಲಿ ಆರೇ ಜನ ಸಾಕು. ತಲಾ ಒಂದೂವರೆ ಲಕ್ಷ, 9 ಲಕ್ಷ ಆಯಿತು. ಇವರು ದುಡ್ಡು ಪೂರ್ತಿ ಹೋದರೂ ನಿಮ್ಮ ಮನೆಗೆ ಚಾ ಕುಡಿಯಲು ಬರುವಂಥವರಾಗಿರಬೇಕು. ಇವರ ಜೊತೆ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ ಮಾಡಿಕೊಳ್ಳಿ. ಒಪ್ಪಂದದಲ್ಲಿ ಮೂರು ವಿಷಯ ಕಣ್ಣಿಗೆ ಕಾಣುವ ಹಾಗೆ ಇರಲಿ: ಬಂದ ದುಡ್ಡಿನಲ್ಲಿ ಮೊದಲು ಪಾಲುದಾರರ ಅಸಲು ಹೋಗುತ್ತದೆ, ಆಮೇಲಿನದು ಅರ್ಧ ಅರ್ಧ, ಕೊನೆಯ ಕಟ್ (ಅಂತಿಮ ಎಡಿಟ್) ನಿಮ್ಮ ಮಾತಿನಂತೆ. ಒಬ್ಬ ಮಾವ ಎರಡು ಲಕ್ಷ ಹಾಕಿ ತನ್ನ ಮಗನಿಗೆ ಪಾತ್ರ ಕೇಳಿದ ಕಥೆ ನನಗೆ ಗೊತ್ತು. ಆ ಹುಡುಗ ಸಿನಿಮಾದಲ್ಲಿ ಇದ್ದಾನೆ, ಮಾವ ಈಗಲೂ ಮಾತಾಡುವುದಿಲ್ಲ.

ಎರಡು ಪುಸ್ತಕ ಬೆರೆಸಬೇಡಿ. ಅದಕ್ಕಿಂತ ಮುಖ್ಯ, ವಾಟ್ಸಾಪ್ ಗ್ರೂಪಿನಲ್ಲಿ 'ಈಗ 50 ಸಾವಿರ ಹಾಕಿ, ಬಿಡುಗಡೆಯಾದ ಮೇಲೆ ಒಂದು ಲಕ್ಷ' ಅಂತ ಎಂದೂ ಬರೆಯಬೇಡಿ. ಹಾಗೆ ಸಾರ್ವಜನಿಕರಿಂದ ದುಡ್ಡು ಎತ್ತಿದರೆ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯ್ದೆಗೆ ಸಿಕ್ಕಿಬೀಳಬಹುದು. ಅದರಲ್ಲಿ ಜೈಲು ಶಿಕ್ಷೆಯೂ ಇದೆ. ನೀವು ಒಳ್ಳೆಯ ಮನಸ್ಸಿನಿಂದ ಬರೆದಿರಿ ಅನ್ನುವುದನ್ನು ಪೊಲೀಸರು ಕೇಳುತ್ತಾ ಕೂರುವುದಿಲ್ಲ.

ಸಾಲ ಬೇಕೇ ಬೇಕು ಅಂದರೆ ಚಿಟ್ಟಿ (ಚೀಟಿ) ಸೇರಿ. ನಮ್ಮ ಜಿಲ್ಲೆಯಲ್ಲಿ ಚಿಟ್ಟಿ ಗೊತ್ತಿಲ್ಲದ ಮನೆ ಇಲ್ಲ. ಕೇರಳ ಸರಕಾರದ ಚಿಟ್ಟಿ ಸಂಸ್ಥೆ ಕೆಎಸ್‌ಎಫ್‌ಇಯದ್ದೇ ಆಗಲಿ, ಊರವರು ನಡೆಸುವ ಖಾಸಗಿ ಚಿಟ್ಟಿ ಬೇಡ. ತಿಂಗಳಿಗೆ 12,500ರಂತೆ 40 ತಿಂಗಳು ಅಂದರೆ 5 ಲಕ್ಷದ ಚಿಟ್ಟಿ. ಅವಧಿಗೆ ಮೊದಲೇ ಹರಾಜಿನಲ್ಲಿ ಕರೆದು ಎತ್ತಿದರೆ ಕೈಗೆ 4 ಲಕ್ಷದ ಆಸುಪಾಸು ಬರಬಹುದು. ಕಂತು ನಿಮ್ಮ ಸಂಬಳದಿಂದಲೇ ಹೋಗಬೇಕು, ಸಿನಿಮಾದಿಂದ ಅಲ್ಲ. ಅಂದರೆ ಎಡಿಟಿಂಗ್ ಕೆಲಸ ಬಿಡಬಾರದು. ಮದುವೆ ಸೀಸನ್ ಮತ್ತು ಮೇಳದ ಸೀಸನ್ ಒಟ್ಟಿಗೇ ಬರುವುದು ನಿಮ್ಮ ದುರದೃಷ್ಟ, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ನಿಮ್ಮ 3 ಲಕ್ಷ, ಚಿಟ್ಟಿಯ 4, ಹರಕೆಯ 4, ಪಾಲುದಾರರ 9, ಒಟ್ಟು 20. ಉಳಿದ 2 ಲಕ್ಷ ಮುಯ್ಯಿಯಲ್ಲಿ ಹೋಗಲಿ. ನಾಟಿಗೆ ಮುಯ್ಯಾಳು ಹೋದ ಹಾಗೆ, ನೀವು ಕ್ಯಾಮೆರಾದವನ ಕಿರುಚಿತ್ರ ಎಡಿಟ್ ಮಾಡಿಕೊಡಿ, ಅವನು ನಿಮಗೆ ಆರು ದಿನ ಸಂಬಳ ಬಿಡಲಿ. ಇದನ್ನೂ ಬರೆದಿಡಿ.

ಸಬ್ಸಿಡಿ. ಕರ್ನಾಟಕ ಸರಕಾರ ಆಯ್ಕೆಯಾದ ಚಿತ್ರಗಳಿಗೆ ಸಾಮಾನ್ಯವಾಗಿ 10 ಲಕ್ಷ ಕೊಡುತ್ತದೆ. ಕನ್ನಡಕ್ಕೆ ಮಾತ್ರವಲ್ಲ, ತುಳು, ಕೊಂಕಣಿ, ಕೊಡವ ಚಿತ್ರಗಳಿಗೂ ಉಂಟು. ಆದರೆ ಸಿನಿಮಾ ಮುಗಿದು, ಸೆನ್ಸಾರ್ ಆಗಿ, ಆಯ್ಕೆ ಸಮಿತಿ ನೋಡಿದ ಮೇಲೆ ಕೊಡುವ ದುಡ್ಡು ಅದು. ಬರುವುದೂ ತಡವಾಗಿ. ಅದನ್ನು ನಂಬಿ ಕ್ಯಾಮೆರಾ ಬಾಡಿಗೆ ಕಟ್ಟಲಾಗುವುದಿಲ್ಲ. ಇಡೀ ಸಿನಿಮಾ ಕೇರಳದ ನೆಲದಲ್ಲಿ ತೆಗೆಯುವ ನಿಮಗೆ ಆ ವರ್ಷದ ಅಧಿಸೂಚನೆಯಲ್ಲಿ ಚಿತ್ರೀಕರಣದ ಜಾಗ ಮತ್ತು ನಿರ್ಮಾಪಕರ ವಿಳಾಸದ ನಿಯಮಗಳೇ ಮುಖ್ಯ. ಸಿನಿಮಾ ಶುರುವಾಗುವ ಮೊದಲೇ ಬೆಂಗಳೂರಿನ ವಾರ್ತಾ ಇಲಾಖೆಗೆ ಪತ್ರ ಬರೆದು ಲಿಖಿತ ಉತ್ತರ ತರಿಸಿಕೊಳ್ಳಿ. ಬಜೆಟ್‌ನಲ್ಲಿ ಅದಕ್ಕೆ ಸೊನ್ನೆ ಬರೆಯಿರಿ. ಬಂದರೆ ಪಾಲುದಾರರಿಗೆ ಹೋಗಲಿ.

ನೀವು ಕೇಳದೇ ಇದ್ದದ್ದು ಒಂದಿದೆ. ನೀವು ಕೇರಳದವರು, ಹೆಣ್ಣುಮಗಳು. ಕೇರಳ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ ಮಹಿಳಾ ನಿರ್ದೇಶಕರಿಗಾಗಿ ಒಂದು ಯೋಜನೆ ಇದೆ. ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೂ ಇದೆ. ಆಯ್ಕೆಯಾದ ಚಿತ್ರಕ್ಕೆ ಒಂದೂವರೆ ಕೋಟಿವರೆಗೆ ನಿಗಮವೇ ಹಾಕುತ್ತದೆ. 2023ರಲ್ಲಿ ಬಂದ 'ಬಿ 32 ಮುದಲ್ 44 ವರೆ' ಹಾಗೆ ಆದದ್ದು. ನಾನು ನೋಡಿದ ಆ ಯೋಜನೆಯ ಚಿತ್ರಗಳೆಲ್ಲ ಮಲಯಾಳದವು. ಅರ್ಜಿ ಕರೆದಾಗ ಭಾಷೆಯ ನಿಯಮವನ್ನೇ ಮೊದಲು ಓದಿ. ನಿಮ್ಮ ಚಿತ್ರಕಥೆಯಲ್ಲಿ ಮುದುಕ ಕನ್ನಡ ಮಾತಾಡುತ್ತಾನೆ, ಸೊಸೆ ಮಲಯಾಳ, ಟೆಂಪೋ ಡ್ರೈವರ್ ತುಳು. ನಮ್ಮ ಊರು ಇರುವುದೇ ಹಾಗೆ. ಭಾಷೆಯನ್ನು ಅರ್ಜಿಗೋಸ್ಕರ ತಿದ್ದಬೇಡಿ, ಆದರೆ ಮಲಯಾಳದಲ್ಲೂ ಒಂದು ಪ್ರತಿ ತಯಾರಿರಲಿ.

ಮೊದಲ ಬಾರಿ ನಿರ್ದೇಶಿಸುವವರ ಚಿತ್ರಗಳನ್ನು ನಿರ್ಮಿಸುವ ಯೋಜನೆ ಕೇಂದ್ರ ಸರಕಾರದ ಚಲನಚಿತ್ರ ನಿಗಮವಾದ ಎನ್‌ಎಫ್‌ಡಿಸಿಯಲ್ಲೂ ಇದೆ. ಸ್ಪರ್ಧೆ ದೇಶದ್ದು. ಅದರ ಜೊತೆಗೆ, ಸಿನಿಮಾ ಮಾಡುವವರು ಮತ್ತು ದುಡ್ಡು ಹಾಕುವವರು ಸೇರುವ ಗೋವಾದ ಫಿಲ್ಮ್ ಬಜಾರ್ (ಈಗ ವೇವ್ಸ್ ಫಿಲ್ಮ್ ಬಜಾರ್) ನೋಡಿಕೊಳ್ಳಿ. 2007ರಿಂದ ನಡೆಯುತ್ತಿದೆ, ಹೆಚ್ಚಾಗಿ ನವೆಂಬರಿನಲ್ಲಿ, ಚಿತ್ರೋತ್ಸವದ ಜೊತೆಗೇ. ಚಿತ್ರಕಥೆಗೆ ಲ್ಯಾಬ್ ಇದೆ, ಅರ್ಧ ಮುಗಿದ ಸಿನಿಮಾಕ್ಕೂ ಲ್ಯಾಬ್ ಇದೆ. ನಿಮಗೆ ಎರಡನೆಯದೇ ಹೆಚ್ಚು ಉಪಯೋಗ. ಒರಟು ಕಟ್ (ಮೊದಲ ಕಚ್ಚಾ ಎಡಿಟ್) ನೋಡಿ ದಾರಿ ಹೇಳುವವರು ಅಲ್ಲಿ ಸಿಗುತ್ತಾರೆ. ಕಾಸರಗೋಡಿನಿಂದ ರೈಲು ಹತ್ತಿದರೆ ಮಡಗಾಂವ್ ದೂರವೇನಲ್ಲ. ಆಯ್ಕೆಯಾಗದಿದ್ದರೂ ಒಮ್ಮೆ ಹೋಗಿ ಬನ್ನಿ. ಯಾರು ಯಾವುದಕ್ಕೆ ದುಡ್ಡು ಕೊಡುತ್ತಾರೆ ಅಂತ ಎರಡು ದಿನ ಕಿವಿ ತೆರೆದು ಕೂತರೆ ಗೊತ್ತಾಗುತ್ತದೆ.

ಓಟಿಟಿ ಬಗ್ಗೆ ನೀವು ಬಜೆಟ್‌ನ ಕೊನೆಯಲ್ಲಿ '25 ಲಕ್ಷ ಆದಾಯ' ಅಂತ ಬರೆದಿದ್ದೀರಿ. ಅಳಿಸಿ. ಬದಲಿಗೆ ಇದನ್ನು ಬರೆಯಿರಿ: ಮಂಗಳೂರಿನಿಂದ ನಮ್ಮ ಜಿಲ್ಲೆಯ ಹೊಸದುರ್ಗದವರೆಗೆ, ಆಮೇಲೆ ಮುಂಬಯಿಯ ಕನ್ನಡ ಸಂಘಗಳಲ್ಲಿ, 40 ಪ್ರದರ್ಶನ. ಒಂದಕ್ಕೆ 150 ಜನ, ಟಿಕೆಟ್ 100 ರೂಪಾಯಿ. 6 ಲಕ್ಷ ಆಗುತ್ತದೆ, ಹಾಲ್ ಬಾಡಿಗೆ, ಪ್ರಯಾಣ ಕಳೆದರೆ ಅರ್ಧ ಉಳಿದರೆ ಹೆಚ್ಚು. ಹೌದು, 9 ಲಕ್ಷ ಹಾಕಿದ ಪಾಲುದಾರರಿಗೆ ಇದು ಮೂರನೇ ಒಂದು ಭಾಗ. ಈ ಲೆಕ್ಕವನ್ನೇ ಅವರಿಗೆ ಮೊದಲ ದಿನ ತೋರಿಸಿ. ಇದನ್ನು ನೋಡಿಯೂ ಸಹಿ ಹಾಕುವವರೇ ನಿಮಗೆ ಬೇಕಾದವರು. ಯಾರಾದರೂ ಒಂದು ಗಂಟಿಗೆ ಎಲ್ಲ ಹಕ್ಕು ಕೇಳಿದರೆ, ಡಬ್ಬಿಂಗ್, ರೀಮೇಕ್ ಹಕ್ಕನ್ನು ಬೇರೆ ಇಟ್ಟುಕೊಂಡು ಉಳಿದದ್ದು ಮಾತಾಡಿ.

ಇವೆಲ್ಲಕ್ಕೂ ಮೊದಲು ಒಂದು ಕೆಲಸ. ನಿಮ್ಮ 42ನೇ ದೃಶ್ಯ, ಮುದುಕ ಪೆಟ್ಟಿಗೆ ತೆರೆದು ಯಾರೂ ಇಲ್ಲದ ಚೌಕಿಯಲ್ಲಿ ಕಿರೀಟ ತಲೆಗಿಟ್ಟು ನೋಡಿಕೊಳ್ಳುವುದು. ಅದೊಂದನ್ನೇ 60 ಸಾವಿರದಲ್ಲಿ, ಒಂದು ರಾತ್ರಿಯಲ್ಲಿ, ಒಳ್ಳೆಯ ಧ್ವನಿಯ ಜೊತೆ ಚಿತ್ರೀಕರಿಸಿ. ಏಳೆಂಟು ನಿಮಿಷ ಸಾಕು. ಹರಕೆಯವರ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು ತೋರಿಸಲು, ಅರ್ಜಿಗಳ ಜೊತೆ ಕಳಿಸಲು ಅದೇ ನಿಮ್ಮ ಕೈಯಲ್ಲಿರುವ ಕಾಗದ.

ಅದಕ್ಕೆ ಚೌಕಿ ಬೇಕಲ್ಲ, ಮೇಳಗಳು ಹೊರಡುವ ಮೊದಲು ಯಜಮಾನರ ಮನೆಗೆ ಹೋಗಿ. ಮಧ್ಯಾಹ್ನ ಊಟದ ನಂತರ ಹೋಗಿ. ಅಪ್ಪನನ್ನು ಕರೆದುಕೊಂಡು ಹೋಗಿ. ಕ್ಯಾಮೆರಾ ಮಾತ್ರ ಮನೆಯಲ್ಲೇ ಬಿಡಿ.